ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಅಳವಡಿಸಿಕೊಳ್ಳುವ ಬಗೆ

ಈಗಿರುವ ವಿಂಡೋಸನ್ನೂ ಅದರಲ್ಲಿರುವ ಕಡತಗಳನ್ನೂ ಕಳೆದುಕೊಳ್ಳದೆ ಅದೇ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿಕೊಳ್ಳುವುದು ಹೇಗೆ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ನಿಯಮಗಳಿಗೆ ಹೊಂದದಿದ್ದರೂ ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಕಂಪ್ಯೂಟರ್ ಉಳ್ಳವರಿಗೆ ಈ ಪ್ರಶ್ನೆ ಈಗ ಕುತೂಹಲದ ವಿಷಯವಾಗಿ ಉಳಿದಿಲ್ಲ, ಅಗತ್ಯವಾಗಿದೆ. ಆದ್ದರಿಂದ ಆರಂಭದಿಂದ ಕೊನೆಯವರೆಗಿನ ಕ್ರಮವನ್ನು ಒಂದೇ ಕಡೆ ಬರೆಯುತ್ತಿದ್ದೇನೆ.

ಲಿನಕ್ಸ್ ಅಳವಡಿಸುವ ಕೆಲಸ ಕಷ್ಟದ್ದಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ದತ್ತಾಂಶ ಕಳೆದುಕೊಂಡವರಲ್ಲಿ ಹೆಚ್ಚಿನವರು ಎಡವುವುದು ಅದಕ್ಕೂ ಮೊದಲಿನ ಸಿದ್ಧತೆಯನ್ನು ಬಿಟ್ಟುಬಿಟ್ಟದ್ದರಿಂದ. ಈ ಕಾರಣಕ್ಕೆ ಮೊದಲ ಹಂತಗಳನ್ನೇ ಇಲ್ಲಿ ಹೆಚ್ಚು ವಿವರಿಸಿದ್ದೇನೆ. ದಯವಿಟ್ಟು ಅವುಗಳನ್ನು ಹಾರಿಸಿ ಮುಂದೆ ಹೋಗಬೇಡಿ.

ಕೆಲವು ಪದಗಳ ಅರ್ಥ

ಲಿನಕ್ಸ್ ಎಂಬುದು 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕರ್ನಲ್‌ನ ಹೆಸರು. ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಮೆಮೊರಿ, ಡಿಸ್ಕ್, ಪ್ರೊಸೆಸರ್ ಮೊದಲಾದವುಗಳನ್ನು ಹಂಚಿಕೊಡುವ ಒಳತಿರುಳೇ ಕರ್ನಲ್. ಅದೊಂದರಿಂದಲೇ ಕಂಪ್ಯೂಟರ್ ಬಳಕೆಗೆ ಬರುವುದಿಲ್ಲ. ಅದರ ಜೊತೆಗೆ ಗ್ನೂ ಯೋಜನೆಯ ಉಪಕರಣಗಳು, ಕಿಟಕಿ ಮತ್ತು ಮೆನುಗಳನ್ನು ತೋರಿಸುವ ಡೆಸ್ಕ್‌ಟಾಪ್, ಬ್ರೌಸರ್, ಕಚೇರಿ ತಂತ್ರಾಂಶ ಇವೆಲ್ಲವನ್ನೂ ಸೇರಿಸಿ, ಪರೀಕ್ಷಿಸಿ, ಒಂದು ಕಟ್ಟಾಗಿ ಕೊಡುವುದನ್ನು ಡಿಸ್ಟ್ರಿಬ್ಯೂಷನ್ ಅಥವಾ ಚಿಕ್ಕದಾಗಿ ಡಿಸ್ಟ್ರೊ ಎನ್ನುತ್ತಾರೆ. 1993ರಲ್ಲಿ ಆರಂಭವಾದ ಡೆಬಿಯನ್, ಅದನ್ನು ಆಧರಿಸಿ 2004ರಲ್ಲಿ ಬಂದ ಉಬುಂಟು, ಉಬುಂಟುವನ್ನು ಆಧರಿಸಿ 2006ರಲ್ಲಿ ಬಂದ ಲಿನಕ್ಸ್ ಮಿಂಟ್ ಇವೆಲ್ಲ ಡಿಸ್ಟ್ರೊಗಳು. ಇವುಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮುಕ್ತ ತಂತ್ರಾಂಶ ಎಂದರೆ ಇದೇ. ಪರವಾನಗಿಗೆ ಹಣ ಕೊಡಬೇಕಾಗಿಲ್ಲ.

ಯಾವ ಡಿಸ್ಟ್ರೊ ಒಳ್ಳೆಯದು ಎಂಬ ಚರ್ಚೆಗೆ ಕೊನೆಯಿಲ್ಲ. ಮೊದಲ ಬಾರಿಗೆ ಬರುವವರಿಗೆ ನಾನು ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿಯನ್ನೇ ಸೂಚಿಸುತ್ತೇನೆ. ಅದರ ಕೆಳಪಟ್ಟಿ ಮತ್ತು ಮೆನು ವಿಂಡೋಸ್ ಬಳಸಿದವರಿಗೆ ಪರಿಚಿತವೆನಿಸುತ್ತವೆ. ಅದರ 22ನೇ ಸರಣಿ ಉಬುಂಟು 24.04ನ್ನು ಆಧರಿಸಿದ್ದು, 2029ರವರೆಗೆ ಭದ್ರತಾ ಪರಿಷ್ಕರಣೆಗಳನ್ನು ಪಡೆಯುತ್ತದೆ. ಅಂದರೆ ಪದೇ ಪದೇ ಇಡೀ ವ್ಯವಸ್ಥೆಯನ್ನು ಬದಲಿಸುವ ಗೋಜು ಇರುವುದಿಲ್ಲ. ಕಂಪ್ಯೂಟರ್ ಹಳೆಯದಾಗಿದ್ದು ಮೆಮೊರಿ 4 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದೇ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿ ಓಡುತ್ತದೆ. ಇದಕ್ಕೆ ವಿರುದ್ಧವಾಗಿ, ಕೆಲವೇ ತಿಂಗಳ ಹಿಂದೆ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ನಿಮ್ಮದಾಗಿದ್ದರೆ, ಹೊಸ ಕರ್ನಲ್ ಬೇಗ ತರುವ ಫೆಡೋರಾದಂಥ ಡಿಸ್ಟ್ರೊದಲ್ಲಿ ವೈಫೈ, ಧ್ವನಿ ಮೊದಲಾದವು ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಮುಂದಿನ ಹಂತಗಳನ್ನು ಮಿಂಟ್ ಸಿನಮನ್‌ಗೆ ಬರೆದಿದ್ದೇನೆ. ಉಬುಂಟುವಿಗೂ ಬಹುಮಟ್ಟಿಗೆ ಇವು ಅನ್ವಯಿಸುತ್ತವೆ, ಅಳವಡಿಕೆಯ ಪರದೆಗಳ ನೋಟ ಮಾತ್ರ ಬೇರೆ.

ಹಂತ 1: ನಿಮ್ಮ ಕೆಲಸಕ್ಕೆ ಇದು ಹೊಂದುತ್ತದೆಯೇ ಎಂದು ನೋಡಿಕೊಳ್ಳಿ

ಯಂತ್ರಾಂಶದ ಅಗತ್ಯ ದೊಡ್ಡದಲ್ಲ. 64 ಬಿಟ್ ಪ್ರೊಸೆಸರ್, ಕನಿಷ್ಠ 2 ಜಿಬಿ ಮೆಮೊರಿ, 20 ಜಿಬಿ ಖಾಲಿ ಜಾಗ ಇದ್ದರೆ ಮಿಂಟ್ ಕೂರುತ್ತದೆ. ಆದರೆ ನೆಮ್ಮದಿಯಿಂದ ಬಳಸಲು 4 ಜಿಬಿಗಿಂತ ಹೆಚ್ಚು ಮೆಮೊರಿಯೂ 100 ಜಿಬಿ ಜಾಗವೂ ಇರಲಿ.

ಹೆಚ್ಚು ಯೋಚಿಸಬೇಕಾದದ್ದು ತಂತ್ರಾಂಶಗಳ ಬಗ್ಗೆ. ನೀವು ವಾರವಿಡೀ ಬಳಸುವ ತಂತ್ರಾಂಶಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫೈರ್‌ಫಾಕ್ಸ್, ಕ್ರೋಮ್, ವಿಎಲ್‌ಸಿ, ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್ ಇವೆಲ್ಲ ಲಿನಕ್ಸ್‌ನಲ್ಲಿ ನೇರವಾಗಿ ಸಿಗುತ್ತವೆ. ಮೈಕ್ರೋಸಾಫ್ಟ್ ಆಫೀಸ್‌ನ ಡೆಸ್ಕ್‌ಟಾಪ್ ಆವೃತ್ತಿ, ಅಡೋಬಿಯ ಫೋಟೋಶಾಪ್ ಮತ್ತು ಇನ್‌ಡಿಸೈನ್ ಲಿನಕ್ಸ್‌ಗೆ ಬಂದಿಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಎಂಬ ಸಾಧನವಿದೆ, ಆದರೆ ಅದರ ಭರವಸೆಯ ಮೇಲೆ ಜೀವನೋಪಾಯದ ಕೆಲಸವನ್ನು ಇಡಬೇಡಿ. ಮೋಸ ತಡೆಯಲು ವಿಶೇಷ ಕಾವಲು ತಂತ್ರಾಂಶ ಬಳಸುವ ಕೆಲವು ಆನ್‌ಲೈನ್ ಆಟಗಳು ಲಿನಕ್ಸ್‌ನಲ್ಲಿ ಆರಂಭವೇ ಆಗುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಅದರ ತಯಾರಕರು ಲಿನಕ್ಸ್ ಚಾಲಕ ತಂತ್ರಾಂಶ ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಪಟ್ಟಿಯಲ್ಲಿ ಬಿಡಲಾಗದ ಒಂದಾದರೂ ವಿಂಡೋಸ್ ತಂತ್ರಾಂಶ ಉಳಿದರೆ, ಎರಡೂ ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಂಡು, ಕಂಪ್ಯೂಟರ್ ಆರಂಭಿಸುವಾಗ ಬೇಕಾದದ್ದನ್ನು ಆರಿಸುವ ಡ್ಯುಯಲ್ ಬೂಟ್ ವಿಧಾನ ನಿಮಗೆ ಸರಿ. ಈ ಲೇಖನ ಆ ವಿಧಾನವನ್ನೇ ಅನುಸರಿಸುತ್ತದೆ. ಯಂತ್ರದಲ್ಲಿ ಎರಡನೆಯ ಡಿಸ್ಕ್‌ಗೆ ಜಾಗವಿದ್ದರೆ ಲಿನಕ್ಸನ್ನು ಅದರಲ್ಲಿಯೇ ಇಡುವುದು ಇನ್ನೂ ಸುರಕ್ಷಿತ.

ಹಂತ 2: ವಿಂಡೋಸ್ ಒಳಗಿನ ಸಿದ್ಧತೆ

ಮೊದಲನೆಯದು ಬ್ಯಾಕಪ್. ದಾಖಲೆ, ಚಿತ್ರ, ಬ್ರೌಸರ್‌ನ ಬುಕ್‌ಮಾರ್ಕ್, ಉಳಿಸಿಟ್ಟ ಪಾಸ್‌ವರ್ಡ್ ಇವೆಲ್ಲವನ್ನೂ ಕಂಪ್ಯೂಟರಿನಿಂದ ಕಳಚಿ ಪಕ್ಕಕ್ಕೆ ಇಡಬಹುದಾದ ಹೊರ ಡಿಸ್ಕಿಗೆ ನಕಲಿಸಿ. ಅದೇ ಡಿಸ್ಕಿನ ಇನ್ನೊಂದು ಡ್ರೈವ್‌ಗೆ ನಕಲಿಸಿದರೆ ಅದು ಬ್ಯಾಕಪ್ ಆಗುವುದಿಲ್ಲ, ಏಕೆಂದರೆ ನಾವು ಕೈಹಾಕಲಿರುವುದು ಆ ಡಿಸ್ಕಿನ ವಿಭಾಗ ಪಟ್ಟಿಗೇ. ನಕಲಿಸಿದ ಕಡತಗಳಲ್ಲಿ ಕೆಲವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬಾರದು.

ಎರಡನೆಯದು ಗೂಢಲಿಪೀಕರಣ. ಡಿಸ್ಕಿನಲ್ಲಿರುವುದನ್ನೆಲ್ಲ ಕೀಲಿಯಿಲ್ಲದೆ ಓದಲಾಗದಂತೆ ಮಾಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಸೌಲಭ್ಯ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬೂಟ್ ಕ್ರಮವನ್ನೋ, ಅಂದರೆ ಕಂಪ್ಯೂಟರ್ ಯಾವುದರಿಂದ ಮೊದಲು ಆರಂಭವಾಗಬೇಕೆಂಬ ಕ್ರಮವನ್ನೋ, ಭದ್ರತಾ ಸೆಟ್ಟಿಂಗನ್ನೋ ಬದಲಿಸಿದೊಡನೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು, ಅದು ಇಲ್ಲದಿದ್ದರೆ ನಿಮ್ಮ ಕಡತಗಳು ನಿಮಗೇ ಸಿಗುವುದಿಲ್ಲ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಇದರ ಸ್ಥಿತಿಯನ್ನು ನೋಡಿ. ಆನ್ ಆಗಿದ್ದರೆ ಮೊದಲು ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ನಂತರ ಗೂಢಲಿಪೀಕರಣವನ್ನು ಆಫ್ ಮಾಡಿ, ಅದು ಪೂರ್ತಿ ಬಿಡಿಸಿಕೊಳ್ಳುವವರೆಗೆ ಕಾಯಿರಿ. ದೊಡ್ಡ ಡಿಸ್ಕಿಗೆ ಗಂಟೆಗಳೇ ಬೇಕಾಗಬಹುದು, ನಡುವೆ ನಿಲ್ಲಿಸಬೇಡಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ಈ ಸೌಲಭ್ಯ ಆನ್ ಇದ್ದಾಗ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಆಗ ಡಿಸ್ಕ್ ಇನ್ನೂ ಬಳಕೆಯಲ್ಲಿದೆ ಎಂದೇ ಗುರುತಾಗಿರುವುದರಿಂದ ಲಿನಕ್ಸ್ ಆ ಡ್ರೈವನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಗುಂಡಿಗಳು ಏನು ಮಾಡಬೇಕೆಂದು ಆರಿಸುವ ಪುಟಕ್ಕೆ ಹೋಗಿ ಇದರ ಗುರುತನ್ನು ತೆಗೆಯಿರಿ.

ನಾಲ್ಕನೆಯದು ಜಾಗ ಬಿಡಿಸುವುದು. ಡಿಸ್ಕನ್ನು ಭಾಗ ಮಾಡಿದಾಗ ಪ್ರತಿ ಭಾಗಕ್ಕೂ ಪಾರ್ಟಿಶನ್ ಎನ್ನುತ್ತಾರೆ. ವಿಂಡೋಸ್‌ನ ಪಾರ್ಟಿಶನ್ನನ್ನು ವಿಂಡೋಸ್‌ನ ಸಾಧನದಿಂದಲೇ ಕಿರಿದುಗೊಳಿಸಿ ಎಂಬುದು ನನ್ನ ಸಲಹೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್ ಆರಿಸಿ. ಅಲ್ಲಿ ಎಂಬಿ ಲೆಕ್ಕದಲ್ಲಿ ಕೇಳುವುದರಿಂದ 100 ಜಿಬಿ ಬೇಕಿದ್ದರೆ 102400 ಎಂದು ಬರೆಯಿರಿ. ಹೀಗೆ ಬಿಡುಗಡೆಯಾದ ಜಾಗ ಯಾರಿಗೂ ಹಂಚದ ಜಾಗವಾಗಿ ಕಾಣಿಸುತ್ತದೆ. ಅದನ್ನು ಹಾಗೆಯೇ ಬಿಡಿ, ಅದರಲ್ಲಿ ಹೊಸ ಡ್ರೈವ್ ಸೃಷ್ಟಿಸಲು ಹೋಗಬೇಡಿ. ಸಾಕಷ್ಟು ಖಾಲಿ ಇದ್ದರೂ ಸ್ವಲ್ಪ ಜಾಗವನ್ನಷ್ಟೇ ಬಿಡಿಸಲು ವಿಂಡೋಸ್ ಒಪ್ಪಿದರೆ, ಕದಲಿಸಲಾಗದ ಪೇಜ್ ಫೈಲ್, ಹೈಬರ್ನೇಶನ್ ಕಡತ ಅಥವಾ ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಅಡ್ಡ ಕೂತಿವೆ ಎಂದರ್ಥ. ಅವುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮರುಪ್ರಾರಂಭಿಸಿ, ಮತ್ತೆ ಪ್ರಯತ್ನಿಸಿ.

ಹಳೆಯ ನುಡಿ ಅಥವಾ ಬರಹದ ಕಡತಗಳಿದ್ದವರಿಗೆ ಇನ್ನೊಂದು ಕೆಲಸವಿದೆ. ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಿಸಿದ ಕನ್ನಡ, ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಈ ಎರಡೂ ತಂತ್ರಾಂಶಗಳಲ್ಲಿ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನವಿದೆ. ವಿಂಡೋಸ್ ಕೈಯಲ್ಲಿರುವಾಗಲೇ ಅದನ್ನು ಬಳಸಿ ಪರಿವರ್ತಿಸಿಕೊಳ್ಳುವುದು ಮೇಲು.

ಹಂತ 3: ಇಳಿಸಿಕೊಂಡು ಪರಿಶೀಲಿಸುವುದು

ಡಿಸ್ಟ್ರೊಗಳು ಐಎಸ್ಒ ಎಂಬ ಒಂದೇ ದೊಡ್ಡ ಕಡತವಾಗಿ ಸಿಗುತ್ತವೆ. ಮಿಂಟ್‌ನ ಐಎಸ್ಒ ಸುಮಾರು 3 ಜಿಬಿಯಷ್ಟಿದೆ. ಮಿಂಟ್‌ನ ಅಧಿಕೃತ ತಾಣದಿಂದಲೇ, ಅದು ಸೂಚಿಸುವ ಪ್ರತಿಬಿಂಬ ತಾಣಗಳಿಂದ, ಅಂದರೆ ಅದೇ ಕಡತಗಳನ್ನು ಇಟ್ಟುಕೊಂಡಿರುವ ಮಿರರ್‌ಗಳಿಂದ, ಇಳಿಸಿಕೊಳ್ಳಿ.

ಇಳಿದ ಕಡತ ಸರಿಯಿದೆಯೇ ಎಂದು ತಿಳಿಯಲು ಎಸ್‌ಎಚ್‌ಎ-256 ಎಂಬ ಮೊತ್ತ ಬಳಸುತ್ತಾರೆ. ಕಡತದ ಪ್ರತಿ ಬಿಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವ, 64 ಅಕ್ಷರಗಳ ಗುರುತು ಅದು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಐಎಸ್ಒ ಮೇಲೆ ಬಲ ಕ್ಲಿಕ್ ಮಾಡಿ ಈ ಮೊತ್ತವನ್ನು ಪಡೆಯಬಹುದು. ಅದನ್ನು ತಾಣದಲ್ಲಿ ಕೊಟ್ಟಿರುವುದರೊಡನೆ ಹೋಲಿಸಿ. ಅರ್ಧಕ್ಕೆ ಕೆಟ್ಟ ಇಳಿಕೆಯಿಂದ ಮಾಡಿದ ಪೆನ್‌ಡ್ರೈವ್ ಅಳವಡಿಕೆಯ ನಡುವೆ ಕೈಕೊಡುತ್ತದೆ, ಆಗ ತಪ್ಪು ಎಲ್ಲಿದೆ ಎಂದು ಹುಡುಕುವುದು ಬಹಳ ಕಷ್ಟ.

ಇದಕ್ಕಿಂತ ಗಂಭೀರವಾದ ಕಾರಣವೂ ಇದೆ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ತಾಣಕ್ಕೇ ದಾಳಿಕೋರರು ನುಗ್ಗಿ, 17.3 ಸಿನಮನ್ ಆವೃತ್ತಿಯ ಇಳಿಕೆಯ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಅಡಗಿಸಿದ್ದ ಐಎಸ್ಒ ಹಂಚಿದ್ದರು. ತಾಣವೇ ದಾಳಿಕೋರರ ಕೈಯಲ್ಲಿದ್ದರೆ ಅಲ್ಲಿರುವ ಮೊತ್ತವನ್ನೂ ಅವರು ಬದಲಿಸಬಹುದು. ಆದ್ದರಿಂದ ಮಿಂಟ್ ತಂಡ ಆ ಮೊತ್ತಗಳ ಕಡತಕ್ಕೆ ಡಿಜಿಟಲ್ ಸಹಿಯನ್ನೂ ಹಾಕುತ್ತದೆ. ಸಹಿ ಪರಿಶೀಲಿಸುವ ಕ್ರಮ ಅವರ ಅಳವಡಿಕೆಯ ಕೈಪಿಡಿಯಲ್ಲಿದೆ. ಅದು ಕಷ್ಟವೆನಿಸಿದರೆ ಕನಿಷ್ಠ ಎರಡು ಬೇರೆ ಬೇರೆ ಮಿರರ್‌ಗಳಲ್ಲಿರುವ ಮೊತ್ತಗಳನ್ನಾದರೂ ಹೋಲಿಸಿ ನೋಡಿ.

ಹಂತ 4: ಪೆನ್‌ಡ್ರೈವ್ ಸಿದ್ಧಪಡಿಸುವುದು

8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಐಎಸ್ಒ ಕಡತವನ್ನು ಸಾಮಾನ್ಯ ಕಡತದಂತೆ ಪೆನ್‌ಡ್ರೈವ್‌ಗೆ ನಕಲಿಸುವುದು ಹೊಸಬರು ಮಾಡುವ ತಪ್ಪು. ಹಾಗೆ ಮಾಡಿದರೆ ಕಂಪ್ಯೂಟರ್ ಅದರಿಂದ ಆರಂಭವಾಗುವುದಿಲ್ಲ. ರೂಫಸ್ ಅಥವಾ ಎಚರ್ ಎಂಬ ಉಚಿತ ಸಾಧನದ ಮೂಲಕ ಅದನ್ನು ಬರೆಯಬೇಕು. ರೂಫಸ್‌ನಲ್ಲಿ ಪೆನ್‌ಡ್ರೈವ್ ಮತ್ತು ಐಎಸ್ಒ ಆರಿಸಿ, ಪಾರ್ಟಿಶನ್ ವಿಧಾನವನ್ನು ಜಿಪಿಟಿ ಎಂದಿಟ್ಟು ಆರಂಭಿಸಿ. ಯಾವ ರೀತಿಯಲ್ಲಿ ಬರೆಯಲಿ ಎಂದು ಅದು ಕೇಳಿದರೆ ಐಎಸ್ಒ ವಿಧಾನವನ್ನೇ ಆರಿಸಿ, ಅದು ಬೂಟ್ ಆಗದಿದ್ದರೆ ಮಾತ್ರ ಡಿಡಿ ವಿಧಾನದಲ್ಲಿ ಮತ್ತೊಮ್ಮೆ ಬರೆಯಿರಿ. ಡಿಡಿ ವಿಧಾನದ ನಂತರ ವಿಂಡೋಸ್ ಆ ಪೆನ್‌ಡ್ರೈವನ್ನು ಗುರುತಿಸದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳಬಹುದು. ಬೇಡ ಎನ್ನಿ.

ಹಂತ 5: ಅಳವಡಿಸದೆಯೇ ಬಳಸಿ ನೋಡುವುದು

ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರನ್ನು ಆರಂಭಿಸುವಾಗ ಬೂಟ್ ಮೆನುವಿನ ಕೀಲಿಯನ್ನು ಒತ್ತಬೇಕು. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ನಂತರ ಎಫ್9, ಆಸುಸ್‌ನಲ್ಲಿ ಎಸ್ಕೇಪ್ ಅಥವಾ ಎಫ್8. ಏಸರ್‌ನಲ್ಲಿ ಎಫ್12 ಕೆಲಸ ಮಾಡಲು ಮೊದಲು ಅದರ ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ, ಅಂದರೆ ಯಂತ್ರದೊಳಗೇ ಇದ್ದು ಕಂಪ್ಯೂಟರನ್ನು ಆರಂಭಿಸುವ, ಬಯಾಸ್ ಎಂದೂ ಕರೆಯುವ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ, ಅನುಮತಿ ಕೊಡಬೇಕಾಗಬಹುದು. ಕೀಲಿ ಯಾವುದೆಂದು ಗೊತ್ತಾಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಆಗ ಬರುವ ನೀಲಿ ಪರದೆಯಲ್ಲಿ ಬೇರೊಂದು ಸಾಧನದಿಂದ ಆರಂಭಿಸುವ ಆಯ್ಕೆ ಸಿಗುತ್ತದೆ.

ಸೆಕ್ಯೂರ್ ಬೂಟ್ ಬಗ್ಗೆ ಒಂದು ಮಾತು. ಸಹಿ ಇರುವ ಬೂಟ್ ತಂತ್ರಾಂಶವನ್ನು ಮಾತ್ರ ಓಡಲು ಬಿಡುವ ಕಾವಲು ಇದು. ಇದನ್ನು ಆಫ್ ಮಾಡಲೇಬೇಕು ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಮಿಂಟ್, ಉಬುಂಟು, ಫೆಡೋರಾ ಮೂರೂ ಸೆಕ್ಯೂರ್ ಬೂಟ್ ಆನ್ ಇದ್ದಾಗಲೇ ಆರಂಭವಾಗುತ್ತವೆ. ಕಾರಣವಿಲ್ಲದೆ ಅದನ್ನು ಮುಟ್ಟಬೇಡಿ.

ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿ, ಆಮೇಲೆ ಬರುವ ಮಿಂಟ್‌ನ ಮೆನುವಿನಲ್ಲಿ ಮೊದಲ ಆಯ್ಕೆಯನ್ನು ಒತ್ತಿದರೆ ಪೆನ್‌ಡ್ರೈವ್‌ನಿಂದಲೇ ಓಡುವ ಪೂರ್ಣ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಇದಕ್ಕೆ ಲೈವ್ ಸೆಷನ್ ಎಂದು ಹೆಸರು. ಪರದೆ ಕಪ್ಪಾಗಿಯೇ ಉಳಿದರೆ ಮತ್ತೆ ಆರಂಭಿಸಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. ಲೈವ್ ಸೆಷನ್‌ನಲ್ಲಿ ಡಿಸ್ಕಿಗೆ ಏನೂ ಬರೆಯಲ್ಪಡುವುದಿಲ್ಲ. ಒಂದು ಗಂಟೆಯಾದರೂ ಇಲ್ಲಿ ಕಳೆಯಿರಿ. ವೈಫೈ ಸೇರಿಕೊಳ್ಳುತ್ತದೆಯೇ, ಸ್ಪೀಕರ್ ಮತ್ತು ಮೈಕ್ ಎರಡೂ ಕೆಲಸ ಮಾಡುತ್ತವೆಯೇ, ಕ್ಯಾಮೆರಾ, ಬ್ಲೂಟೂತ್, ಟಚ್‌ಪ್ಯಾಡ್, ಪರದೆಯ ಬೆಳಕಿನ ಹೊಂದಾಣಿಕೆ ಸರಿಯೇ, ಮುದ್ರಕವನ್ನು ಗುರುತಿಸುತ್ತದೆಯೇ ಎಂದು ಒಂದೊಂದಾಗಿ ನೋಡಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಅದು ನಿದ್ದೆಯಿಂದ ಎಚ್ಚರಗೊಳ್ಳುತ್ತದೆಯೇ ಎಂಬ ಪರೀಕ್ಷೆಯನ್ನು ಮರೆಯಬೇಡಿ, ಬಹುತೇಕರು ಮರೆಯುವುದು ಇದನ್ನೇ. ವೈಫೈ ಕಾಣದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಮೂಲಕ ಅಂತರ್ಜಾಲ ಪಡೆಯಬಹುದು. ಬ್ರಾಡ್‌ಕಾಮ್ ಚಿಪ್ ಇರುವ ಹಲವು ಯಂತ್ರಗಳಿಗೆ ಚಾಲಕವನ್ನು ಹೀಗೆಯೇ ಆಮೇಲೆ ಹಾಕಿಕೊಳ್ಳಬೇಕಾಗುತ್ತದೆ. ಲೈವ್ ಸೆಷನ್‌ನ ವೇಗವನ್ನು ನೋಡಿ ನಿರಾಶರಾಗಬೇಡಿ, ಪೆನ್‌ಡ್ರೈವ್‌ನ ನಿಧಾನ ಅದು.

ಇಲ್ಲಿಯೇ ಡಿಸ್ಕ್ಸ್ ಎಂಬ ಸಾಧನ ತೆರೆದು ನಿಮ್ಮ ಒಳ ಡಿಸ್ಕ್ ಕಾಣುತ್ತದೆಯೇ ಎಂದು ನೋಡಿ. ಪೆನ್‌ಡ್ರೈವ್ ಒಂದೇ ಕಂಡರೆ, ಇಂಟೆಲ್ ಪ್ರೊಸೆಸರ್ ಇರುವ ಕೆಲವು ಯಂತ್ರಗಳಲ್ಲಿ ಡಿಸ್ಕ್ ನಿಯಂತ್ರಕವು ಆರ್‌ಎಸ್‌ಟಿ ಅಥವಾ ರೇಡ್ ವಿಧಾನದಲ್ಲಿರುವುದು ಅದಕ್ಕೆ ಕಾರಣ. ಅದನ್ನು ಎಎಚ್‌ಸಿಐ ವಿಧಾನಕ್ಕೆ ಬದಲಿಸಬೇಕು. ಆದರೆ ಫರ್ಮ್‌ವೇರ್‌ನಲ್ಲಿ ನೇರವಾಗಿ ಬದಲಿಸಿದರೆ ವಿಂಡೋಸ್ ಆರಂಭವಾಗುವುದಿಲ್ಲ. ಮೊದಲು ವಿಂಡೋಸ್‌ಗೆ ಹೋಗಿ, ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಮುಂದಿನ ಬಾರಿ ಸೇಫ್ ಮೋಡ್‌ನಲ್ಲಿ ಆರಂಭವಾಗುವಂತೆ ಗುರುತು ಹಾಕಿ. ಮರುಪ್ರಾರಂಭಿಸುವಾಗ ಫರ್ಮ್‌ವೇರ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಹೊಸ ಚಾಲಕವನ್ನು ಹೊಂದಿಸಿಕೊಂಡ ಮೇಲೆ ಆ ಗುರುತನ್ನು ತೆಗೆದು ಮತ್ತೆ ಆರಂಭಿಸಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೆ ಹೋಗಬಹುದು, ಆದ್ದರಿಂದ ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಹಂತ 6: ಅಳವಡಿಕೆ

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಜೋಡಿಸಿ. ಡೆಸ್ಕ್‌ಟಾಪ್‌ನಲ್ಲಿರುವ ಇನ್‌ಸ್ಟಾಲ್ ಚಿಹ್ನೆಯನ್ನು ಎರಡು ಬಾರಿ ಕ್ಲಿಕ್ ಮಾಡಿದರೆ ಭಾಷೆ, ಕೀಬೋರ್ಡ್ ವಿನ್ಯಾಸಗಳ ಪ್ರಶ್ನೆಗಳು ಬರುತ್ತವೆ. ಧ್ವನಿ ಮತ್ತು ದೃಶ್ಯ ಕಡತಗಳನ್ನು ಓದಲು ಬೇಕಾದ ಕೋಡೆಕ್‌ಗಳನ್ನು ಸೇರಿಸುವ ಆಯ್ಕೆಗೆ ಗುರುತು ಹಾಕಿ.

ಮುಂದಿನ ಪರದೆಯಲ್ಲಿ ನಿಧಾನಿಸಿ. ವಿಂಡೋಸ್ ಜೊತೆಗೇ ಅಳವಡಿಸುವ ಆಯ್ಕೆ, ಡಿಸ್ಕನ್ನೆಲ್ಲ ಅಳಿಸಿ ಅಳವಡಿಸುವ ಆಯ್ಕೆ, ಮತ್ತು ಸಮ್‌ಥಿಂಗ್ ಎಲ್ಸ್ ಎಂಬ ಕೈಯಾರೆ ಮಾಡುವ ಆಯ್ಕೆ ಇಲ್ಲಿ ಕಾಣುತ್ತವೆ. ಇರೇಸ್ ಡಿಸ್ಕ್ ಎಂಬುದನ್ನು ಒತ್ತಿ ಮುಂದುವರಿದರೆ ವಿಂಡೋಸ್ ಮತ್ತು ಅದರ ಎಲ್ಲ ಡ್ರೈವ್‌ಗಳು ಹೋಗುತ್ತವೆ. ಸಿ ಡ್ರೈವ್ ಮಾತ್ರ ಅಳಿಯುತ್ತದೆ, ಡಿ ಡ್ರೈವ್ ಉಳಿಯುತ್ತದೆ ಎಂದು ತಿಳಿದು ವರ್ಷಗಳ ಚಿತ್ರಗಳನ್ನು ಕಳೆದುಕೊಂಡವರಿದ್ದಾರೆ. ಒಂದೇ ಡಿಸ್ಕಿನಲ್ಲಿದ್ದರೆ ಎರಡೂ ಅಳಿಯುತ್ತವೆ.

ಜೊತೆಗೇ ಅಳವಡಿಸುವ ಆಯ್ಕೆ ಹೆಚ್ಚಿನವರಿಗೆ ಸಾಕು. ಆದರೂ ಮೊದಲೇ ಜಾಗ ಬಿಡಿಸಿಕೊಂಡಿರುವುದರಿಂದ ಸಮ್‌ಥಿಂಗ್ ಎಲ್ಸ್ ಆರಿಸುವುದನ್ನೇ ನಾನು ಇಷ್ಟಪಡುತ್ತೇನೆ, ಏಕೆಂದರೆ ಎಲ್ಲಿ ಏನಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಹೆಸರುಗಳಿಲ್ಲ. ಸಾಟಾ ಡಿಸ್ಕ್ ಎಸ್‌ಡಿಎ ಎಂದೂ, ಎನ್‌ವಿಎಂಇ ಡಿಸ್ಕ್ ಎನ್‌ವಿಎಂಇ0ಎನ್1 ಎಂದೂ ಕಾಣುತ್ತದೆ. ಹೆಸರಿಗಿಂತ ಗಾತ್ರದಿಂದ ಗುರುತಿಸಿ. ನೀವು ಬಿಡಿಸಿಟ್ಟ ಖಾಲಿ ಜಾಗವನ್ನು ಆರಿಸಿ, ಕೂಡು ಚಿಹ್ನೆ ಒತ್ತಿ, ಕಡತ ವ್ಯವಸ್ಥೆ ಎಕ್ಸ್‌ಟಿ4 ಎಂದೂ, ಮೌಂಟ್ ಪಾಯಿಂಟ್ ಒಂದು ಓರೆಗೆರೆ ಎಂದೂ ಕೊಡಿ. ಆ ಓರೆಗೆರೆಯೇ ರೂಟ್, ಲಿನಕ್ಸ್‌ನ ಎಲ್ಲ ಕಡತಗಳೂ ಅದರಡಿಯಲ್ಲಿ ಬರುತ್ತವೆ. ನಿಮ್ಮ ದಾಖಲೆಗಳಿರುವ ಹೋಮ್‌ಗೆ ಬೇರೆ ಪಾರ್ಟಿಶನ್ ಮಾಡುವ ಪದ್ಧತಿಯೂ ಇದೆ. ಮುಂದೆ ಲಿನಕ್ಸನ್ನು ಮರುಅಳವಡಿಸುವಾಗ ಅದು ಅನುಕೂಲ, ಆದರೆ ಎರಡರಲ್ಲಿ ಒಂದು ಬೇಗ ತುಂಬಿಕೊಂಡು ಇನ್ನೊಂದು ಖಾಲಿ ಉಳಿಯುವ ತೊಂದರೆಯೂ ಇದೆ. ಮೊದಲ ಬಾರಿಗೆ ಒಂದೇ ಸಾಕು. ಮೆಮೊರಿ ತುಂಬಿದಾಗ ಬಳಸುವ ಸ್ವಾಪ್ ಜಾಗಕ್ಕೆ ಬೇರೆ ಪಾರ್ಟಿಶನ್ ಬೇಡ, ಅದಕ್ಕೆಂದು ಒಂದು ಕಡತವನ್ನು ವ್ಯವಸ್ಥೆಯೇ ಮಾಡಿಕೊಳ್ಳುತ್ತದೆ.

ಪಟ್ಟಿಯಲ್ಲಿ ಇಎಫ್‌ಐ ಎಂದು ಬರೆದಿರುವ, ಸಾಮಾನ್ಯವಾಗಿ 100 ಎಂಬಿ ಅಥವಾ ಸ್ವಲ್ಪ ಹೆಚ್ಚಿರುವ ಚಿಕ್ಕ ಪಾರ್ಟಿಶನ್ ಕಾಣುತ್ತದೆ. ಎರಡೂ ವ್ಯವಸ್ಥೆಗಳ ಬೂಟ್ ಕಡತಗಳು ಇರುವುದು ಅದರಲ್ಲೇ. ಅದರ ಮುಂದೆ ಫಾರ್ಮ್ಯಾಟ್ ಗುರುತು ಇರಲೇಕೂಡದು. ಕೊನೆಯಲ್ಲಿ ಬರುವ ದೃಢೀಕರಣ ಪರದೆಯಲ್ಲಿ ಯಾವ ಪಾರ್ಟಿಶನ್ ಫಾರ್ಮ್ಯಾಟ್ ಆಗುತ್ತದೆ ಎಂಬ ಪಟ್ಟಿಯನ್ನು ಪದ ಪದವಾಗಿ ಓದಿ, ನಿಮ್ಮ ಹೊಸ ಎಕ್ಸ್‌ಟಿ4 ಒಂದೇ ಇದ್ದರೆ ಮಾತ್ರ ಮುಂದುವರಿಯಿರಿ. ಅಲ್ಲಿಯವರೆಗೂ ಹಿಂದೆ ಸರಿಯಲು ಅವಕಾಶವಿದೆ.

ಸಮಯವಲಯ, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೆ ಕೆಲಸ ತಾನಾಗಿ ನಡೆಯುತ್ತದೆ. ಹೋಮ್ ಫೋಲ್ಡರನ್ನು ಗೂಢಲಿಪೀಕರಿಸುವ ಆಯ್ಕೆಯನ್ನು ಆರಿಸಿಕೊಂಡರೆ, ಪಾಸ್‌ವರ್ಡ್ ಮರೆತಾಗ ಕಡತಗಳನ್ನು ತೆರೆಯುವ ಬೇರೆ ದಾರಿ ಇಲ್ಲವೆಂದು ತಿಳಿದೇ ಆರಿಸಿ. ಸೆಕ್ಯೂರ್ ಬೂಟ್ ಆನ್ ಇರುವ ಕೆಲವು ಯಂತ್ರಗಳಲ್ಲಿ ಅಳವಡಿಕೆಯ ನಡುವೆ ಇನ್ನೊಂದು ಪಾಸ್‌ವರ್ಡ್ ಸೃಷ್ಟಿಸಲು ಕೇಳುತ್ತದೆ. ಮರುಪ್ರಾರಂಭವಾದಾಗ ಬರುವ ನೀಲಿ ಪರದೆಯಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಕ್ಷಣ ಕಾಯುತ್ತದೆ. ತಪ್ಪಿಸಿಕೊಂಡರೆ ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್‌ನಂಥವುಗಳ ಚಾಲಕಗಳು ಕೆಲಸ ಮಾಡುವುದಿಲ್ಲ.

ಹಂತ 7: ಮೊದಲ ದಿನ ಮಾಡಬೇಕಾದುದು

ಆರಂಭಿಸುವಾಗ ಈಗ ಗ್ರಬ್ ಎಂಬ ಮೆನು ಬಂದು ಎರಡೂ ವ್ಯವಸ್ಥೆಗಳ ಹೆಸರನ್ನು ತೋರಿಸುತ್ತದೆ. ಮಿಂಟ್‌ಗೆ ಹೋಗುವ ಮುನ್ನ ಒಮ್ಮೆ ವಿಂಡೋಸ್ ತೆರೆದು ಅದು ಸರಿಯಿದೆಯೆಂದು ಖಚಿತಪಡಿಸಿಕೊಳ್ಳಿ.

ಮಿಂಟ್‌ನಲ್ಲಿ ಮೊದಲು ಟೈಮ್‌ಶಿಫ್ಟ್ ಹೊಂದಿಸಿ. ಅದು ವ್ಯವಸ್ಥೆಯ ಕಡತಗಳ ಸ್ಥಿತಿಯನ್ನು ಕಾಲಕಾಲಕ್ಕೆ ಉಳಿಸಿಡುತ್ತದೆ, ಒಂದು ಪರಿಷ್ಕರಣೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ನಿಮ್ಮ ಸ್ವಂತ ದಾಖಲೆಗಳನ್ನು ಅದು ತಾನಾಗಿ ಉಳಿಸುವುದಿಲ್ಲ, ಅವಕ್ಕೆ ಹೊರ ಡಿಸ್ಕಿನ ಬ್ಯಾಕಪ್ ಬೇರೆಯೇ ಬೇಕು. ನಂತರ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಎಲ್ಲ ಪರಿಷ್ಕರಣೆಗಳನ್ನೂ ಹಾಕಿ, ಡ್ರೈವರ್ ಮ್ಯಾನೇಜರ್ ತೆರೆದು ಅದು ಸೂಚಿಸುವ ಚಾಲಕಗಳನ್ನು ಸೇರಿಸಿಕೊಳ್ಳಿ. ಫೈರ್‌ವಾಲ್ ಮೊದಲೇ ಇರುತ್ತದೆ, ಆನ್ ಮಾಡುವ ಕೆಲಸ ನಿಮ್ಮದು.

ತಂತ್ರಾಂಶ ಬೇಕಾದಾಗ ತಾಣದಿಂದ ತಾಣಕ್ಕೆ ಅಲೆದು ಕಡತ ಇಳಿಸುವ ವಿಂಡೋಸ್ ಅಭ್ಯಾಸವನ್ನು ಬಿಡಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ. ಅಲ್ಲಿರುವುದು ಡಿಸ್ಟ್ರೊ ತಂಡ ಸಹಿ ಮಾಡಿ ಇಟ್ಟ ಸಂಗ್ರಹ, ಜೊತೆಗೆ ಫ್ಲಾಟ್‌ಹಬ್ ಎಂಬ ಹೊರ ಸಂಗ್ರಹದ ಕಟ್ಟುಗಳೂ ಇರುತ್ತವೆ. ಯಾರೋ ಬರೆದ ಆದೇಶವನ್ನು ಅರ್ಥ ತಿಳಿಯದೆ, ಆದೇಶಗಳನ್ನು ಟೈಪಿಸುವ ಕಿಟಕಿಯಾದ ಟರ್ಮಿನಲ್‌ಗೆ ಅಂಟಿಸಬೇಡಿ, ವಿಶೇಷವಾಗಿ ಅದು ಸುಡೊ ಎಂಬ ಪದದಿಂದ ಆರಂಭವಾಗಿದ್ದರೆ. ಆ ಪದ ಇಡೀ ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ಕೊಡುತ್ತದೆ.

ಹಂತ 8: ಕನ್ನಡ ಬರವಣಿಗೆ

ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಭಾಗದಲ್ಲಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಸಿಗುತ್ತದೆ. ನುಡಿಯ ಕಗಪ ವಿನ್ಯಾಸದಲ್ಲಿ ಬೆರಳು ಪಳಗಿದವರು ಅದೇ ಪಟ್ಟಿಯಲ್ಲಿರುವ ಕಗಪ ಆಯ್ಕೆಯನ್ನು ಸೇರಿಸಿಕೊಳ್ಳಬಹುದು. ಇಂಗ್ಲಿಷ್ ಉಚ್ಚಾರದಂತೆ ಟೈಪಿಸಿ ಕನ್ನಡ ಪಡೆಯುವ ಅಭ್ಯಾಸ ಇದ್ದವರಿಗೆ ಹಲವು ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್ ಎಂಬ ಸಾಧನ ಮತ್ತು ಅದರ ಎಂ17ಎನ್ ಕಟ್ಟು ಬೇಕು. ಅವನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿ, ಒಮ್ಮೆ ಲಾಗ್ ಔಟ್ ಆಗಿ ಬಂದು, ಕನ್ನಡದ ಐಟ್ರಾನ್ಸ್ ವಿಧಾನವನ್ನು ಆರಿಸಿ. ಅಕ್ಷರಗಳಿಗೆ ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟುಗಳಿವೆ.

ಲಿಬ್ರೆಆಫೀಸ್‌ನಲ್ಲಿ ಕನ್ನಡದ ಫಾಂಟು ಬದಲಿಸಿದರೂ ಬದಲಾಗುತ್ತಿಲ್ಲ ಎಂಬ ದೂರು ಸಾಮಾನ್ಯ. ಆ ತಂತ್ರಾಂಶ ಲ್ಯಾಟಿನ್ ಅಕ್ಷರಗಳಿಗೂ, ಕನ್ನಡದಂಥ ಸಂಯುಕ್ತ ಲಿಪಿಗಳಿಗೂ ಬೇರೆ ಬೇರೆ ಫಾಂಟು ಇಟ್ಟುಕೊಳ್ಳುತ್ತದೆ. ಆಯ್ಕೆಗಳ ಭಾಷಾ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಗುರುತು ಹಾಕಿ, ಅದರ ಭಾಷೆ ಕನ್ನಡ ಎಂದು ಕೊಡಿ. ಆಮೇಲೆ ಅಕ್ಷರ ವಿನ್ಯಾಸದ ಕಿಟಕಿಯಲ್ಲಿ ಕನ್ನಡದ ಫಾಂಟಿಗೆ ಪ್ರತ್ಯೇಕ ಜಾಗ ಕಾಣಿಸುತ್ತದೆ.

ಹಂತ 9: ಆಮೇಲೆ ಬರಬಹುದಾದ ತೊಂದರೆಗಳು

ಒಂದು ದಿನ ಗ್ರಬ್ ಮೆನು ಕಾಣದೆ ಕಂಪ್ಯೂಟರ್ ನೇರವಾಗಿ ವಿಂಡೋಸ್‌ಗೆ ಹೋದರೆ ಲಿನಕ್ಸ್ ಅಳಿದಿದೆ ಎಂದು ಗಾಬರಿಯಾಗಬೇಡಿ. ಬಹುಮಟ್ಟಿಗೆ ಬೂಟ್ ಕ್ರಮ ಬದಲಾಗಿರುತ್ತದೆ ಅಷ್ಟೇ. ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಲಿನಕ್ಸನ್ನು ಮತ್ತೆ ಮೇಲಕ್ಕೆ ತನ್ನಿ. ಆ ಪಟ್ಟಿಯಲ್ಲಿ ಮಿಂಟ್ ಕೂಡ ಉಬುಂಟು ಎಂಬ ಹೆಸರಿನಲ್ಲೇ ಇರುತ್ತದೆ ಎಂಬುದು ಗೊತ್ತಿರಲಿ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಪರಿಷ್ಕರಣೆಯ ನಂತರ ಸೆಕ್ಯೂರ್ ಬೂಟ್ ಆನ್ ಇದ್ದ ಕೆಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಆರಂಭವೇ ಆಗದೆ ಹೋದದ್ದೂ ಉಂಟು. ಇಂಥ ಸಂದರ್ಭಕ್ಕೆಂದೇ ಆ ಪೆನ್‌ಡ್ರೈವನ್ನು ಅಳಿಸದೆ ಇಟ್ಟುಕೊಳ್ಳಿ.

ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಗಂಟೆಗಟ್ಟಲೆ ತಪ್ಪು ತೋರಿಸಿದರೆ, ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಜಾಗತಿಕ ಸಮಯವೆಂದೂ ಓದುವುದೇ ಕಾರಣ. ಎರಡರಲ್ಲೂ ಅಂತರ್ಜಾಲದಿಂದ ಸಮಯ ಪಡೆಯುವ ಆಯ್ಕೆ ಆನ್ ಇದ್ದರೆ, ಸಂಪರ್ಕ ಸಿಕ್ಕಿ ಸಮಯ ಹೊಂದಿಕೆಯಾದೊಡನೆ ಸರಿಹೋಗುತ್ತದೆ.

ಲಿನಕ್ಸ್ ಬೇಡವೆನಿಸಿದರೆ ತೆಗೆಯುವುದಕ್ಕೂ ಒಂದು ಕ್ರಮವಿದೆ. ಲಿನಕ್ಸ್ ಪಾರ್ಟಿಶನ್ನನ್ನು ಮೊದಲೇ ಅಳಿಸಿಬಿಟ್ಟರೆ ಗ್ರಬ್ ತನ್ನ ಕಡತಗಳನ್ನು ಕಾಣದೆ ನಿಂತುಬಿಡುತ್ತದೆ. ಮೊದಲು ಫರ್ಮ್‌ವೇರ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ಕಂಪ್ಯೂಟರ್ ನೇರವಾಗಿ ವಿಂಡೋಸ್‌ಗೆ ಹೋಗುತ್ತದೆಯೇ ಎಂದು ನೋಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೆಸರಿಲ್ಲದೆ ಕಾಣುವ ಲಿನಕ್ಸ್ ಪಾರ್ಟಿಶನ್ನನ್ನು ಅದರ ಗಾತ್ರದಿಂದ ಗುರುತಿಸಿ ಅಳಿಸಿ, ಸಿ ಡ್ರೈವ್‌ನ ಪಕ್ಕದಲ್ಲೇ ಇರುವ ಆ ಜಾಗವನ್ನು ಎಕ್ಸ್‌ಟೆಂಡ್ ವಾಲ್ಯೂಮ್ ಮೂಲಕ ಸಿ ಡ್ರೈವ್‌ಗೆ ಮರಳಿ ಸೇರಿಸಿ. ಇಎಫ್‌ಐ ಪಾರ್ಟಿಶನ್ನನ್ನು ಆಗಲೂ ಮುಟ್ಟಬಾರದು. ಅದರಲ್ಲಿ ಉಳಿಯುವ ಉಬುಂಟು ಹೆಸರಿನ ಚಿಕ್ಕ ಫೋಲ್ಡರ್‌ನಿಂದ ಯಾವ ತೊಂದರೆಯೂ ಇಲ್ಲ.